ಮಗಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. ಆಪರೇಷನ್ ತನಕ ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು?

ಕಡೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮೊದಲ ಮಗು, ಹೆಣ್ಣು. ಈಗ ಎರಡು ತಿಂಗಳು ತುಂಬಿದೆ. ನಾನು ತವರಿನಲ್ಲಿ ಬಾಣಂತನದಲ್ಲಿದ್ದೇನೆ. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಬೇಗ ತೆಗೆಯಲೇ ಇಲ್ಲ. "ಎದೆಬಡಿತದ ಜೊತೆ ಬೇರೆ ಸದ್ದಿದೆ, ಎಕೋ ಮಾಡಿಸಿ, ಹೃದಯದ ಸ್ಕ್ಯಾನ್ ಅದು" ಅಂದರು. ಶಿವಮೊಗ್ಗದಲ್ಲಿ ಮಾಡಿಸಿದೆವು, ಆಮೇಲೆ ಬೆಂಗಳೂರಿನಲ್ಲಿ ಇನ್ನೊಮ್ಮೆ. ಎರಡೂ ಕಡೆ ಒಂದೇ ಉತ್ತರ, ಟೆಟ್ರಾಲಜಿ ಆಫ್ ಫ್ಯಾಲೋ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತು ಇದೆಯಂತೆ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿದೆಯಂತೆ. ತೂಕ ಬರಲಿ, ಆರೇಳು ತಿಂಗಳು ಆಗಲಿ, ಆಮೇಲೆ ಆಪರೇಷನ್ ಅಂದಿದ್ದಾರೆ.

ಆಪರೇಷನ್ ಬಗ್ಗೆ ಡಾಕ್ಟರ್ ಚೆನ್ನಾಗಿಯೇ ಹೇಳಿದ್ದಾರೆ. ಅಲ್ಲಿಯವರೆಗೆ ಈ ಮನೆಯಲ್ಲಿ ದಿನ ಕಳೆಯುವುದು ಹೇಗೆ ಅಂತ ಯಾರೂ ಹೇಳುತ್ತಿಲ್ಲ. ಅತ್ತರೆ ತುಟಿ ನೀಲಿಯಾಗುತ್ತೆ. "ಜಾಸ್ತಿ ಅಳಿಸಬೇಡಿ" ಅಂತ ಬರೆದುಕೊಟ್ಟಿದ್ದಾರೆ. ಅಳದ ಮಗು ಇರುತ್ತಾ? ರಾತ್ರಿ ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾ ಕೂರುತ್ತೇನೆ. ಹಾಲು ಸ್ವಲ್ಪ ಕುಡಿದು ಸುಸ್ತಾಗಿ ನಿದ್ದೆ ಹೋಗುತ್ತಾಳೆ.

ಇನ್ನೊಂದು. ಗರ್ಭಿಣಿ ಇದ್ದಾಗ ಗ್ರಹಣದ ದಿನ ನಾನು ಹೊರಗೆ ಬಂದಿದ್ದೆ, ಅದಕ್ಕೇ ಹೀಗಾಗಿದೆ ಅಂತ ಅತ್ತೆ ಎಲ್ಲರ ಮುಂದೆ ಹೇಳುತ್ತಿದ್ದಾರೆ. ನಾಮಕರಣವನ್ನೂ ನಿಲ್ಲಿಸಿದ್ದಾರೆ. "ಆಪರೇಷನ್ ಆಗಲಿ, ಮಗು ಉಳೀಲಿ, ಆಮೇಲೆ ನೋಡೋಣ" ಅಂದರು. ಉಳೀಲಿ ಅನ್ನೋ ಮಾತು ಕಿವಿಯಿಂದ ಹೋಗುತ್ತಿಲ್ಲ. ಈ ದಾರಿಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಮಕ್ಕಳ ಹೃದಯ ವಾರ್ಡಿನ ನರ್ಸ್

ತಂಗಿ, ಮೊದಲು ಅಳುವಿನ ವಿಷಯ. ಎಲ್ಲಾ ಅಳುವೂ ಅಪಾಯ ಅಲ್ಲ. ಹಸಿವಿಗೆ ಅತ್ತು, ತುಟಿ ಸ್ವಲ್ಪ ನೀಲಿಯಾಗಿ, ಹಾಲು ಕೊಟ್ಟ ತಕ್ಷಣ ಸರಿಹೋದರೆ ಗಾಬರಿ ಬೇಡ. ಗುರುತು ಹಿಡಿಯಬೇಕಾದ್ದು ಬೇರೆ. ಅದನ್ನು ನಾವು ಸ್ಪೆಲ್ ಅನ್ನುತ್ತೇವೆ. ಸಾಮಾನ್ಯವಾಗಿ ಬೆಳಿಗ್ಗೆ ಎದ್ದ ಮೇಲೆ, ಹಾಲು ಕುಡಿದ ಮೇಲೆ, ಮಲ ಮಾಡುವಾಗ ಅಥವಾ ಜೋರಾಗಿ ಅತ್ತಾಗ ಬರುತ್ತೆ. ಮಗು ಸಮಾಧಾನವೇ ಆಗುವುದಿಲ್ಲ. ಉಸಿರು ಜೋರಾಗಿ, ಆಳವಾಗಿ ಹೋಗುತ್ತೆ. ನೀಲಿ ಬಣ್ಣ ಹೆಚ್ಚುತ್ತಾ ಹೋಗುತ್ತೆ, ಆಮೇಲೆ ಮಗು ಸೋತು ಕೈಕಾಲು ಚೆಲ್ಲಬಹುದು.

ಆಗ ಮಾಡಬೇಕಾದ್ದು ಇಷ್ಟು. ಮಗುವನ್ನು ಎತ್ತಿಕೊಂಡು ಎರಡೂ ಮೊಣಕಾಲು ಮಡಚಿ ಎದೆಯ ಹತ್ತಿರಕ್ಕೆ ತಂದು ಹಿಡಿಯಿರಿ. ಮಲಗಿಸಿಯೂ ಮಾಡಬಹುದು, ಹೆಗಲಿಗೆ ಹಾಕಿಕೊಂಡು ಮಂಡಿ ಒತ್ತಿ ಹಿಡಿದರೂ ಆಗುತ್ತೆ. ಕಾಲಿನ ಕಡೆ ರಕ್ತ ಹೋಗಲು ತಡೆ ಜಾಸ್ತಿಯಾದರೆ ಶ್ವಾಸಕೋಶದ ಕಡೆ ಹೆಚ್ಚು ರಕ್ತ ತಿರುಗುತ್ತೆ, ಅದಕ್ಕೇ ಇದು ಕೆಲಸ ಮಾಡೋದು. ಹಿಂದೆ ಆಪರೇಷನ್ ಆಗದ ಮಕ್ಕಳು ಓಡಿ ಸುಸ್ತಾದರೆ ತಾವಾಗಿಯೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು, ಯಾರೂ ಹೇಳಿಕೊಟ್ಟಿರಲಿಲ್ಲ. ಹೀಗೆ ಹಿಡಿದು ಮೆಲ್ಲಗೆ ಮಾತಾಡಿಸಿ. ಸುತ್ತ ಜನ ಸೇರಿ ಕೂಗಾಡುವುದು ಬೇಡ. ಕೆಲವು ನಿಮಿಷದಲ್ಲಿ ಬಣ್ಣ ತಿರುಗದಿದ್ದರೆ, ಮಗು ಮಂಪರಾದರೆ, ಫಿಟ್ಸ್ ಬಂದರೆ ಹಿಂದೆಮುಂದೆ ನೋಡದೆ 108ಕ್ಕೆ ಫೋನ್ ಮಾಡಿ. ಹಿಡಿದ ಭಂಗಿ ಬಿಡದೆಯೇ ಗಾಡಿ ಹತ್ತಿ. ಸ್ಪೆಲ್ ತಾನಾಗಿ ನಿಂತರೂ ಅದೇ ದಿನ ನಿಮ್ಮ ಹೃದಯ ಡಾಕ್ಟರಿಗೆ ತಿಳಿಸಲೇಬೇಕು. ಸ್ಪೆಲ್ ಶುರುವಾದ ಮಗುವಿಗೆ ಆಪರೇಷನ್ ಬೇಗ ಮಾಡುವುದುಂಟು.

ಇದನ್ನು ಮಗು ಚೆನ್ನಾಗಿರುವಾಗಲೇ ಮನೆಯವರೆಲ್ಲ ಒಮ್ಮೆ ಮಾಡಿ ನೋಡಿ. ನಿಮ್ಮ ಅಮ್ಮನಿಗೂ ಬರಲಿ, ಯಜಮಾನರಿಗೂ ಬರಲಿ. ನಿಮಗೂ ಸ್ವಲ್ಪ ನಿದ್ದೆ ಬೇಕಲ್ವಾ?

ಹಾವೇರಿಯ ಅಪ್ಪ

ಅಕ್ಕಾರ, ನನ್ನ ಮಗನಿಗೂ ಇದೇ ಇತ್ತು. ಈಗ ಶಾಲೆಗೆ ಹೋಗುತ್ತಾನೆ. ನಾನು ದುಡ್ಡು, ಕಾಗದದ ವಿಷಯ ಹೇಳುತ್ತೇನೆ, ಯಾಕೆಂದರೆ ಆ ಗಾಬರಿಯಲ್ಲಿ ನಾವು ಹೊಲ ಮಾರಲು ಹೊರಟಿದ್ದೆವು. ಅದರ ಅಗತ್ಯವೇ ಬೀಳಲಿಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ಈ ಯೋಜನೆ 2018ರಿಂದ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಕೇಳುತ್ತಾರೆ. ಅದನ್ನು ಈಗಲೇ ವಿಚಾರಿಸಿ ಇಡಿ, ಆಪರೇಷನ್ ಹತ್ತಿರ ಬಂದಾಗ ಓಡಾಡುವುದು ಬೇಡ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆ ಕಡೆಯವರನ್ನು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಹುಟ್ಟು ಹೃದಯ ದೋಷ ಅವರ ಪಟ್ಟಿಯಲ್ಲೇ ಇದೆ. ಆಶಾ ಕಾರ್ಯಕರ್ತೆಗೆ ಹೇಳಿದರೂ ದಾರಿ ತೋರಿಸುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಇರುತ್ತಾರೆ, ಯಾವ ಕಾಗದ ಬೇಕು ಅಂತ ಅವರೇ ಹೇಳುತ್ತಾರೆ. ಮಗುವಿನ ಜನನ ಪ್ರಮಾಣಪತ್ರ ಮಾತ್ರ ತಡ ಮಾಡಬೇಡಿ.

ಆಸ್ಪತ್ರೆ ಅಂದರೆ ಸರ್ಕಾರದ ಜಯದೇವ ಇದೆ. ಬೊಮ್ಮಸಂದ್ರದ ನಾರಾಯಣದಲ್ಲಿ ಮಕ್ಕಳ ಹೃದಯ ಆಪರೇಷನ್ ಬಹಳ ಆಗುತ್ತವೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ದುಡ್ಡಿಲ್ಲದೆ ಹೃದಯ ಚಿಕಿತ್ಸೆ ಮಾಡುತ್ತಾ ಬಂದಿದ್ದಾರೆ. ನಿಮ್ಮ ಡಾಕ್ಟರ್ ಎಲ್ಲಿಗೆ ಅನ್ನುತ್ತಾರೋ ಅಲ್ಲಿಗೆ ಹೋಗಿ. ಆದರೆ ಒಂದು ಕೇಳಿ, "ಇಲ್ಲಿ ಇಷ್ಟು ಸಣ್ಣ ಮಕ್ಕಳಿಗೆ ಈ ಆಪರೇಷನ್ ಯಾವಾಗಲೂ ಮಾಡುತ್ತೀರಾ?" ಅಂತ. ಮಕ್ಕಳದ್ದೇ ಬೇರೆ ತಂಡ, ಬೇರೆ ಐಸಿಯು ಇರುವ ಕಡೆ ಮಾಡಿಸುವುದು ಒಳ್ಳೆಯದು.

ಸೊರಬದ ಹಿರಿಯರು

ಅಮ್ಮಾ, ಹೆದರಬೇಡ. ನಮ್ಮ ಷಡ್ಡಕನ ಮೊಮ್ಮಗನಿಗೂ ಹೃದಯದಲ್ಲಿ ತೂತು ಅಂದಿದ್ದರು. ಎರಡು ವರ್ಷದಲ್ಲಿ ತಾನಾಗಿಯೇ ಮುಚ್ಚಿಹೋಯಿತು. ಹಸುಗೂಸಿನ ಎದೆ ಕುಯ್ಯಿಸುವ ಮುಂಚೆ ಸ್ವಲ್ಪ ಕಾಯಿರಿ. ನಮ್ಮ ಕಡೆ ಒಬ್ಬರು ನಾಟಿ ಔಷಧಿ ಕೊಡುತ್ತಾರೆ, ಬೇಕಿದ್ದರೆ ವಿಳಾಸ ಕೊಡುತ್ತೇನೆ.

ಮಕ್ಕಳ ಹೃದಯ ವಾರ್ಡಿನ ನರ್ಸ್

ಯಜಮಾನರೇ, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೂ ಇದನ್ನು ಇಲ್ಲಿ ಸುಮ್ನೆ ಬಿಡಲು ಆಗುವುದಿಲ್ಲ, ಓದುವವರಲ್ಲಿ ಬೇರೆ ತಾಯಂದಿರೂ ಇರುತ್ತಾರೆ. ನಿಮ್ಮ ನೆಂಟರ ಮಗುವಿಗೆ ಇದ್ದದ್ದು ಸಣ್ಣ ತೂತು ಇರಬೇಕು. ಅಂಥವು ಎಷ್ಟೋ ತಾವಾಗಿ ಮುಚ್ಚುತ್ತವೆ, ನಿಜ. ಟೆಟ್ರಾಲಜಿಯಲ್ಲಿ ತೂತು ದೊಡ್ಡದು, ಅದು ಮುಚ್ಚುವುದಿಲ್ಲ. ಶ್ವಾಸಕೋಶದ ಕಡೆಯ ದಾರಿ ಮಗು ಬೆಳೆದಂತೆ ಸಾಮಾನ್ಯವಾಗಿ ಇನ್ನೂ ಕಿರಿದಾಗುತ್ತೆ. ಇದಕ್ಕೆ ಆಪರೇಷನ್ ಒಂದೇ ದಾರಿ. ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಆಪರೇಷನ್ ಮುಗಿಸಿ ಮನೆಗೆ ಹೋಗುತ್ತಾರೆ. ಆ ನಾಟಿ ಔಷಧಿಯಲ್ಲಿ ಏನಿದೆ ಅಂತ ನಮಗೆ ಗೊತ್ತಿಲ್ಲ. ಎರಡು ತಿಂಗಳ ಮಗುವಿಗೆ ಡಾಕ್ಟರ್ ಹೇಳದ ಏನನ್ನೂ ಬಾಯಿಗೆ ಹಾಕಬೇಡಿ. ಬಜೆ ತೇಯ್ದು ನೆಕ್ಕಿಸುವುದನ್ನೂ ಬಿಡಿ.

ಧಾರವಾಡದ ಜೀವಶಾಸ್ತ್ರ ಟೀಚರ್

ಗ್ರಹಣದ ಮಾತಿಗೆ ನಾನು ಉತ್ತರ ಕೊಡುತ್ತೇನೆ. ಈ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತೆ.

ಹೊಟ್ಟೆಯೊಳಗೆ ಮಗುವಿನ ಹೃದಯ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲೇ. ಎಷ್ಟೋ ಹೆಂಗಸರಿಗೆ ಬಸುರು ಅಂತ ಗೊತ್ತಾಗುವ ಹೊತ್ತಿಗೆ ಕೋಣೆಗಳು, ಕವಾಟಗಳು, ರಕ್ತನಾಳಗಳು ಹೆಚ್ಚುಕಡಿಮೆ ತಯಾರಾಗಿರುತ್ತವೆ. ತಂಗಿ, ನೀನು ಗ್ರಹಣದ ದಿನ ಹೊರಗೆ ಹೋದದ್ದು ಎಷ್ಟನೇ ತಿಂಗಳಲ್ಲಿ? ಐದು, ಆರು ಅಂದರೆ ಆ ಹೃದಯ ಅಷ್ಟರಲ್ಲೇ ಆಗಿಹೋಗಿತ್ತು. ಮೊದಲ ತಿಂಗಳಲ್ಲೇ ಆಗಿದ್ದರೂ ನೆರಳಿಗೆ ಹೃದಯದ ಗೋಡೆ ತೂತು ಮಾಡುವ ಶಕ್ತಿ ಇಲ್ಲ. ಸುಮಾರು ನೂರು ಮಕ್ಕಳಲ್ಲಿ ಒಬ್ಬರು ಹೃದಯದ ಒಂದಲ್ಲ ಒಂದು ದೋಷದೊಂದಿಗೆ ಹುಟ್ಟುತ್ತಾರೆ, ಗ್ರಹಣದ ಭಯವೇ ಇಲ್ಲದ ದೇಶಗಳಲ್ಲೂ ಅಷ್ಟೇ. ಹೆಚ್ಚಿನವರಲ್ಲಿ ಇಂಥದ್ದೇ ಕಾರಣ ಅಂತ ಹೇಳಲು ಆಗುವುದಿಲ್ಲ. ತಾಯಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಗರ್ಭದ ಆರಂಭದಲ್ಲಿ ರುಬೆಲ್ಲಾ, ಕೆಲವು ಔಷಧಿಗಳು, ವಂಶವಾಹಿಗಳ ವ್ಯತ್ಯಾಸ ಇವು ಅಪಾಯ ಹೆಚ್ಚಿಸುತ್ತವೆ. ರಕ್ತಸಂಬಂಧದಲ್ಲಿ ಮದುವೆಯೂ ಹೆಚ್ಚಿಸುತ್ತೆ. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ನಮ್ಮಲ್ಲಿ ಇನ್ನೂ ಇದೆಯಲ್ಲ. ಹಾಗೆ ನೋಡಿದರೆ ಮದುವೆ ನಿಶ್ಚಯ ಮಾಡಿದವರು ಹಿರಿಯರು, ಮಾತು ಕೇಳುವವಳು ಮಾತ್ರ ಬಾಣಂತಿ!

ನಿಮ್ಮ ಅತ್ತೆಯವರನ್ನು ಮುಂದಿನ ಸಲ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನಾವು ಹೇಳಿದರೆ ವಾದ ಆಗುತ್ತೆ, ಡಾಕ್ಟರ್ ಹೇಳಿದರೆ ಕೇಳುತ್ತಾರೆ. ಮುಂದಿನ ಮಗುವಿನ ಯೋಚನೆ ಬಂದಾಗ 18ರಿಂದ 22 ವಾರದೊಳಗೆ ಹೊಟ್ಟೆಯಲ್ಲಿರುವ ಮಗುವಿಗೇ ಎಕೋ ಮಾಡಿಸಿ. ಮತ್ತೆ ಹೀಗೇ ಆಗುವ ಸಂಭವ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು, ಅಷ್ಟೇ.

ಮಂಗಳೂರಿನ ಅಮ್ಮ

ಬರೆಯಲೋ ಬೇಡವೋ ಅಂತ ಯೋಚಿಸಿದೆ. ನನ್ನ ಮಗ ಈಗ ಇಲ್ಲ. ಅವನದು ನಿಮ್ಮ ಮಗಳ ತೊಂದರೆ ಅಲ್ಲ. ಎಡಭಾಗದ ಹೃದಯವೇ ಸರಿಯಾಗಿ ಬೆಳೆದಿರಲಿಲ್ಲ, ಅದು ತುಂಬಾ ಕಷ್ಟದ್ದು. ಹಾಗಾಗಿ ಇದನ್ನು ಓದಿ ನೀವು ಹೆದರಬೇಡಿ.

ನಾಮಕರಣ ನಿಲ್ಲಿಸಿದ್ದಾರೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ನಿಲ್ಲಿಸಬೇಡಿ. ಆಸ್ಪತ್ರೆ ಫೈಲಿನ ಮೇಲೆ ತಾಯಿಯ ಹೆಸರು ಹಾಕಿ "ಬೇಬಿ ಆಫ್" ಅಂತ ಬರೆದಿರುತ್ತಾರೆ. ನಾವು ಮಗನಿಗೆ ಆಸ್ಪತ್ರೆಯಲ್ಲೇ ಹೆಸರಿಟ್ಟೆವು. ನನ್ನ ಅಪ್ಪ ಅವನ ಕಿವಿಯಲ್ಲಿ ಮೂರು ಸಲ ಹೇಳಿದರು. ಆಮೇಲೆ ಐಸಿಯು ಸಿಸ್ಟರ್‌ಗಳೂ ಹೆಸರು ಹಿಡಿದೇ ಕರೆಯುತ್ತಿದ್ದರು. ಅವನು ಇದ್ದಷ್ಟು ದಿನ ಹೆಸರಿನ ಮಗುವಾಗಿ ಇದ್ದ. ಅದು ನನಗೆ ಇವತ್ತಿಗೂ ದೊಡ್ಡದು. ನಿಮ್ಮ ಮಗಳಂತೂ ಬೆಳೆದು ದೊಡ್ಡವಳಾಗುವವಳು. ತೊಟ್ಟಿಲಿಗೆ ಹಾಕಿ, ಹಾಡು ಹೇಳಿ, ಫೋಟೋ ತೆಗೆಯಿರಿ. ಜನ ಕಡಿಮೆ ಇರಲಿ, ಕೆಮ್ಮು ನೆಗಡಿ ಇರುವವರು ಬರುವುದು ಬೇಡ, ಅಷ್ಟೇ. ಕಾಯಿಲೆ ವಾಸಿಯಾಗುವ ತನಕ ಮಗುವನ್ನು ಮುದ್ದು ಮಾಡುವುದನ್ನು ಮುಂದೆ ಹಾಕಬೇಕು ಅಂತ ಯಾವ ಶಾಸ್ತ್ರವೂ ಹೇಳಿಲ್ಲ.

ಉಡುಪಿಯ ಅಮ್ಮ

ಹಾಲಿನ ಬಗ್ಗೆ. ನನ್ನ ಮಗನಿಗೆ ಬರೀ ದೊಡ್ಡ ತೂತು ಇತ್ತು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರು, ಎರಡು ಗುಟುಕಿಗೆ ಏದುಸಿರು. ತೂಕ ಏರುತ್ತಲೇ ಇರಲಿಲ್ಲ. ನಾನು ಮಾಡಿದ್ದು ಹೇಳುತ್ತೇನೆ, ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿಕೊಂಡು ಮಾಡಿ. ಒಂದೇ ಸಲ ಹೊಟ್ಟೆ ತುಂಬಿಸಲು ಹೋಗಬೇಡಿ. ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ. ಸುಸ್ತಾಗಿ ಮಲಗಿದರೆ ಬಿಟ್ಟುಬಿಡಿ, ಹಿಂಡಿ ಇಟ್ಟ ಹಾಲನ್ನು ಆಮೇಲೆ ಒಳಲೆಯಲ್ಲಿ ನಿಧಾನಕ್ಕೆ ಹಾಕಿ. ತಲೆ ಮೇಲಿರಲಿ, ಮಲಗಿಸಿ ಹಾಕಬೇಡಿ. ಒಳಲೆಯನ್ನು ಪ್ರತಿ ಸಲ ಕುದಿಸಿ. ತೂಕ ಒಂದೇ ತಕ್ಕಡಿಯಲ್ಲಿ, ಅಂಗನವಾಡಿಯದ್ದೇ ಆಗಲಿ, ವಾರಕ್ಕೊಮ್ಮೆ ನೋಡಿ ಬರೆದಿಡಿ. ಬೇರೆ ಬೇರೆ ಕಡೆ ತೂಗಿ ನೂರು ಗ್ರಾಂ ಹೆಚ್ಚು ಕಡಿಮೆ ಬಂದು ಸುಮ್ನೆ ಎದೆ ಒಡೆದುಕೊಳ್ಳುವುದು ಬೇಡ.

ಕಡೂರಿನ ಅಮ್ಮ

ಎಲ್ಲವನ್ನೂ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಗ್ರಹಣ ಆಗ ಆರನೇ ತಿಂಗಳು. ಟೀಚರ್, ನಿಮ್ಮ ಮಾತನ್ನು ನಮ್ಮೆಜಮಾನರು ಅವರ ಅಮ್ಮನಿಗೆ ಫೋನಿನಲ್ಲಿ ಹೇಳಿದರು. ಅವರು ಏನೂ ಮಾತಾಡಲಿಲ್ಲವಂತೆ.

ಮಂಗಳೂರಿನ ಅಕ್ಕಾ, ನಿಮಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಈ ಭಾನುವಾರ ನಾಮಕರಣ ಇಟ್ಟುಕೊಂಡಿದ್ದೇವೆ. ಮನೆಯವರು ಮಾತ್ರ.

ಇನ್ನೆರಡು ಕೇಳುವುದಿದೆ. ಒಂದು, ಇಲ್ಲಿ ದಿನಾ ಮಗುವಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಾರೆ. ಆಮೇಲೆ ಸಾಂಬ್ರಾಣಿ ಹೊಗೆ. ಅವಳು ಕಿರುಚಿ ಕಿರುಚಿ ಅಳುತ್ತಾಳೆ. ಬೇಡ ಅಂದರೆ ಮಗುವಿನ ಮೈ ಗಟ್ಟಿಯಾಗಲ್ಲ ಅನ್ನುತ್ತಾರೆ. ಎರಡನೆಯದು, ಮಗಳ ಎದೆಯ ಮೇಲೆ ಗಾಯದ ಗುರುತು ಉಳಿಯುತ್ತೆ, ಹೆಣ್ಣು ಮಗು, ಯಾರಿಗೂ ಹೇಳಬೇಡಿ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಹೇಳಬೇಕಾ, ಮುಚ್ಚಿಡಬೇಕಾ?

ಮೈಸೂರಿನ ಅಜ್ಜಿ

ನಮ್ಮ ಮೊಮ್ಮಗಳಿಗೂ ಹೃದಯದ ತೊಂದರೆಯೇ ಕಣಮ್ಮ. ನೀರು ಹಾಕುತ್ತಿದ್ದವಳು ನಾನೇ. ಹೊಗೆ ಪೂರ್ತಿ ನಿಲ್ಲಿಸಿ. ಉಸಿರಿಗೆ ಕಷ್ಟಪಡುವ ಕೂಸಿಗೆ ಹೊಗೆ ಯಾಕೆ? ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಅಂಗೈಯಲ್ಲಿ ಸವರಿದರೆ ಸಾಕು. ಎಳೆಯುವುದು, ತಿರುಚುವುದು, ತಲೆಕೆಳಗೆ ಹಿಡಿಯುವುದು, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು ಯಾವುದೂ ಬೇಡ. ನೀರು ಮೊಣಕೈಗೆ ಹಿತವಾಗಿರಬೇಕು. ಬೆಳಿಗ್ಗೆ ಎದ್ದ ತಕ್ಷಣ ಬೇಡ, ಹಾಲು ಕುಡಿದು ಅರಗಿದ ಮೇಲೆ, ಮಗು ಖುಷಿಯಾಗಿದ್ದಾಗ. ಅತ್ತರೆ ಅಲ್ಲಿಗೇ ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ನೀರು ಹಾಕಲು ಬರುವವರಿಗೆ "ಡಾಕ್ಟರ್ ಬೇಡ ಅಂದಿದ್ದಾರೆ" ಅನ್ನಿ. ನನ್ನ ಮಗಳೂ ನನಗೆ ಹಾಗೆಯೇ ಹೇಳಿದ್ದಳು. ಮೊದಲು ಬೇಜಾರಾಯಿತು, ಮಗುವಿನ ತುಟಿ ನೋಡಿದ ಮೇಲೆ ಒಪ್ಪಿಕೊಂಡೆ.

ದಾವಣಗೆರೆಯ ಅಕ್ಕ

ಮುಚ್ಚಿಡಬೇಕಾ ಅಂತ ಕೇಳಿದಿರಿ. ನಾನೇ ಟೆಟ್ರಾಲಜಿ ಮಗು. ಶಾಲೆಗೆ ಸೇರುವ ಮುಂಚೆ ನನಗೆ ಆಪರೇಷನ್ ಆಯಿತು. ಈಗ ಬ್ಯಾಂಕಿನಲ್ಲಿ ಕೆಲಸ, ಒಬ್ಬ ಮಗ ಇದ್ದಾನೆ.

ಗುರುತು ಇದೆ. ಕತ್ತಿನ ಕೆಳಗಿನಿಂದ ಶುರುವಾಗಿ ಎದೆಯ ನಡುವೆ ನೆಟ್ಟಗೆ ಇಳಿದಿದೆ, ಈಗ ಮಾಸಿ ತೆಳ್ಳಗಾಗಿದೆ. ನೋಡಲು ಬಂದ ಗಂಡಿನ ಕಡೆಯವರಿಗೆ ನನ್ನ ಅಪ್ಪ ಮೊದಲೇ ಹೇಳುತ್ತಿದ್ದರು. ಕೆಲವರು ಎದ್ದು ಹೋದರು. ಹೋಗಲಿ, ಅಂಥ ಮನೆಗೆ ಹೋಗಿದ್ದರೆ ಗರ್ಭಿಣಿ ಇದ್ದಾಗ ಹೃದಯದ ಡಾಕ್ಟರ್ ಹತ್ತಿರ ತೋರಿಸಲು ನಾನು ಕದ್ದು ಹೋಗಬೇಕಾಗುತ್ತಿತ್ತು. ಇದು ಮುಚ್ಚಿಡುವ ಕಾಯಿಲೆ ಅಲ್ಲ. ಟೀಚರಿಗೆ ಗೊತ್ತಿರಬೇಕು, ಹಲ್ಲಿನ ಡಾಕ್ಟರಿಗೆ ಗೊತ್ತಿರಬೇಕು. ಹಲ್ಲು ಹುಳುಕಾದರೆ ಅಲ್ಲಿಂದ ಸೋಂಕು ಹೃದಯಕ್ಕೆ ಹೋಗಬಹುದು. ಹಲ್ಲು ಬಂದ ದಿನದಿಂದಲೇ ಉಜ್ಜುವ ಅಭ್ಯಾಸ ಮಾಡಿಸಿ.

ಆಪರೇಷನ್ ಆದ ಮೇಲೆ ಎಲ್ಲಾ ಮುಗಿಯಿತು ಅಂತ ಕೆಲವರು ಡಾಕ್ಟರ್ ಹತ್ತಿರ ಹೋಗುವುದನ್ನೇ ಬಿಡುತ್ತಾರೆ. ಬಿಡಬೇಡಿ. ಶ್ವಾಸಕೋಶದ ಕಡೆಯ ಕವಾಟ ವರ್ಷಗಳು ಹೋದಂತೆ ಸೋರಬಹುದು. ಎಡೆಬಿಡದೆ ನೋಡಿಸುತ್ತಿದ್ದರೆ ಬೇಕಾದಾಗ ಕವಾಟ ಹಾಕುತ್ತಾರೆ. ಕೆಲವರಿಗೆ ತೊಡೆಯ ರಕ್ತನಾಳದ ಮೂಲಕವೇ ಹಾಕಲು ಆಗುತ್ತೆ. ಫ್ರಾನ್ಸಿನ ಡಾಕ್ಟರ್ ಫ್ಯಾಲೋ ಈ ಕಾಯಿಲೆಯನ್ನು ವಿವರಿಸಿದ್ದು 1888ರಲ್ಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೊದಲ ನೀಲಿ ಮಗುವಿಗೆ ಆಪರೇಷನ್ ಆಗಿದ್ದು 1944ರಲ್ಲಿ. ತೂತು ಮುಚ್ಚಿ, ದಾರಿ ಅಗಲ ಮಾಡಿ ಪೂರ್ತಿ ಸರಿಪಡಿಸಿದ್ದು 1954ರಲ್ಲಿ, ಮಿನೆಸೋಟದಲ್ಲಿ. ನನ್ನ ಅಜ್ಜಿಯ ಕಾಲದಲ್ಲಿ ಹುಟ್ಟಿದ್ದರೆ ನಾನು ಇರುತ್ತಿರಲಿಲ್ಲ. ನಿಮ್ಮ ಮಗಳು ಒಳ್ಳೆಯ ಕಾಲದಲ್ಲಿ ಹುಟ್ಟಿದ್ದಾಳೆ.

ಕಡೂರಿನ ಅಮ್ಮ

ಅಕ್ಕಾ, ನಿಮ್ಮದನ್ನು ಎಷ್ಟು ಸಲ ಓದಿದೆನೋ. ಬ್ಯಾಂಕಿನ ಕೆಲಸ, ಮಗ ಅಂತ ಓದಿದಾಗಲೆಲ್ಲ ಅಳು ಬರುತ್ತೆ, ಒಳ್ಳೆಯ ಅಳು.

ನಾಮಕರಣ ಆಯಿತು. ಅತ್ತೆಯೂ ಬಂದಿದ್ದರು. ಮರುದಿನ ಬೆಳಿಗ್ಗೆ ಮಗುವಿಗೆ ಸ್ಪೆಲ್ ಬಂತು. ಕಿರುಚಿ ಅತ್ತು ಉಗುರೆಲ್ಲ ಕಡುನೀಲಿ. ನಾನು ಹಿತ್ತಿಲಲ್ಲಿದ್ದೆ, ಅಮ್ಮನೇ ಎತ್ತಿಕೊಂಡು ಮಂಡಿ ಮಡಚಿ ಹಿಡಿದಿದ್ದರು. ನಾನು ಓಡಿ ಬರುವಷ್ಟರಲ್ಲಿ ಉಸಿರು ನಿಧಾನ ಆಗುತ್ತಿತ್ತು. ಅದೇ ದಿನ ಡಾಕ್ಟರಿಗೆ ತಿಳಿಸಿದೆವು. ಬೆಂಗಳೂರಿಗೆ ಕರೆಸಿಕೊಂಡು ರಕ್ತ ಪರೀಕ್ಷೆ ಮಾಡಿದರು. ಸ್ಪೆಲ್ ತಡೆಯಲು ಪ್ರೊಪ್ರನೊಲಾಲ್ ಅನ್ನೋ ಔಷಧಿ ಶುರು ಮಾಡಿದ್ದಾರೆ, ಕಬ್ಬಿಣದ ಡ್ರಾಪ್ಸ್ ಕೊಟ್ಟಿದ್ದಾರೆ. ಆಪರೇಷನ್ ಮೊದಲು ಹೇಳಿದ್ದಕ್ಕಿಂತ ಬೇಗ ಮಾಡಬಹುದು ಅಂದರು. ಹಿಮೋಗ್ಲೋಬಿನ್ ಸರಿ ಇದೆ ಅಂತ ಬಂದಿದೆ, ಮತ್ತೆ ಕಬ್ಬಿಣ ಯಾಕೆ?

ಮಕ್ಕಳ ಹೃದಯ ವಾರ್ಡಿನ ನರ್ಸ್

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಆಮ್ಲಜನಕ ಕಡಿಮೆ ಇರುವ ಮಗುವಿನ ಮೈ ಹೆಚ್ಚು ಹಿಮೋಗ್ಲೋಬಿನ್ ಮಾಡಿಕೊಂಡು ತೂಗಿಸಿಕೊಳ್ಳುತ್ತೆ. ಬೇರೆ ಮಕ್ಕಳಿಗೆ ಸರಿ ಅನ್ನುವ ಅಂಕಿ ಇವರಿಗೆ ಸಾಲದೇ ಇರಬಹುದು. ಕಬ್ಬಿಣ ಕಡಿಮೆಯಾದರೆ ಸ್ಪೆಲ್ ಜಾಸ್ತಿ ಬರುತ್ತೆ. ಡ್ರಾಪ್ಸ್ ಕೊಟ್ಟ ಮೇಲೆ ಮಲ ಕಪ್ಪಗಾಗುತ್ತೆ, ಹೆದರಬೇಡಿ. ಪ್ರೊಪ್ರನೊಲಾಲ್ ಹೊತ್ತು ತಪ್ಪಿಸಬೇಡಿ, ನೀವಾಗಿಯೇ ನಿಲ್ಲಿಸಲೂ ಬೇಡಿ. ಮಗು ಹಾಲು ಬಿಟ್ಟಿದ್ದರೆ ಅಥವಾ ವಾಂತಿ ಇದ್ದರೆ ಮಾತ್ರ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಹೊಟ್ಟೆ ಖಾಲಿ ಇದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುವ ಅಪಾಯ ಇದೆ. ಭೇದಿಯಾದರೆ ಅದೇ ದಿನ ತೋರಿಸಿ. ಮೈಯಲ್ಲಿ ನೀರು ಕಡಿಮೆಯಾದರೆ ಈ ಮಕ್ಕಳ ರಕ್ತ ಗಟ್ಟಿಯಾಗುತ್ತೆ. ಲಸಿಕೆ ಯಾವುದನ್ನೂ ಬಿಡಬೇಡಿ. ಆಪರೇಷನ್ ದಿನ ಗೊತ್ತಾದರೆ ಲಸಿಕೆಯ ದಿನವನ್ನು ಅವರನ್ನೇ ಕೇಳಿ ಹೊಂದಿಸಿಕೊಳ್ಳಿ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಎದೆಮೂಳೆ ಕೂಡುವ ತನಕ ಕಂಕುಳಲ್ಲಿ ಕೈ ಹಾಕಿ ಎತ್ತಬಾರದು. ಒಂದು ಕೈ ತಲೆ ಬೆನ್ನಿನ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ. ಈಗಿನಿಂದಲೇ ಹಾಗೆ ಎತ್ತಿ ರೂಢಿ ಮಾಡಿಕೊಳ್ಳಿ.

ಹಾವೇರಿಯ ಅಪ್ಪ

ಅಕ್ಕಾರ, ದಿನ ಗೊತ್ತಾದ ಕೂಡಲೇ ಇಲ್ಲಿ ಬರೆಯಿರಿ. ರಕ್ತ ಕೊಡುವವರನ್ನು ಕರೆತನ್ನಿ ಅಂತ ಹೇಳುತ್ತಾರೆ. ಊರಿನಿಂದ ಜನರನ್ನು ಕರೆದೊಯ್ಯುವುದು ಕಷ್ಟ, ಬೆಂಗಳೂರಿನಲ್ಲಿ ನಮ್ಮ ಕಡೆ ಹುಡುಗರು ಬಹಳ ಇದ್ದಾರೆ. ಇನ್ನು ನಿಮ್ಮ ಯಜಮಾನರ ನಂಬರ್ ನನಗೆ ಮೆಸೇಜ್‌ನಲ್ಲಿ ಕಳಿಸಿ. ನಾವು ಗಂಡಸರು ಇಂಥದ್ದನ್ನು ಯಾರ ಹತ್ತಿರವೂ ಮಾತಾಡುವುದಿಲ್ಲ. ಅವರ ಜೊತೆ ಒಮ್ಮೆ ಮಾತಾಡುತ್ತೇನೆ. ಮಗುವಿನ ರಕ್ತದ ಗುಂಪು ಯಾವುದು?

ಕಡೂರಿನ ಅಮ್ಮ

ಬಿ ಪಾಸಿಟಿವ್ ಅಣ್ಣ. ನಂಬರ್ ಕಳಿಸಿದ್ದೇನೆ. ಅವರು ಸಂಜೆ ಏಳರ ಮೇಲೆ ಮನೆಯಲ್ಲಿರುತ್ತಾರೆ.